ನರಕವಿಲ್ಲದಿದ್ದರೂ ಅಂಜಿಕೆ ಏಕೆ?

ಪ್ರಶ್ನೆ: ಡಿಸೆಂಬರ್ ಮೊದಲ ವಾರ ಚರ್ಚಿನ ಹಬ್ಬ, ಫೆಸ್ತ್‌ಗೆಂದು ಗೋವೆಗೆ ಹೋಗಿದ್ದೆವು. ಹಳೆ ಗೋವೆಯ ಬೊಂ ಜೆಸುಸ್ ಬಸಿಲಿಕದ ಹತ್ತಿರ, ಸಂತ ಫ್ರಾನ್ಸಿಸ್ ಝೇವಿಯರ್ ಬರೆದದ್ದು ಎಂಬ ಒಂದು ಪ್ರಾರ್ಥನೆಯ ಚೀಟಿ ಸಿಕ್ಕಿತು. ಸ್ವರ್ಗ ಸಿಗಲೆಂದಲ್ಲ, ನರಕಕ್ಕೆ ಹೆದರಿಯೂ ಅಲ್ಲ, ನಿನ್ನನ್ನು ಸುಮ್ಮನೆ ಪ್ರೀತಿಸುತ್ತೇನೆ ಎಂದಿತ್ತು. ಅದೇ ತಿಂಗಳು ಮಾಹಿಮ್ ದರ್ಗಾದ ಜಾತ್ರೆಯಲ್ಲಿ ಒಬ್ಬರು ಇದೇ ಮಾತನ್ನು ಬಸ್ರಾದ ಸೂಫಿ ಸಂತೆ ರಾಬಿಯಾ ಹೇಳಿದ್ದು ಎಂದರು. ಎರಡೂ ಒಂದೇನಾ? ಯಾರು ಯಾರಿಂದ ತೆಗೆದುಕೊಂಡರು? ಡೊಂಬಿವಲಿಯ ನಮ್ಮ ಕನ್ನಡ ಓದುಗರ ಕೂಟದಲ್ಲಿ ಭಯ ಮತ್ತು ಭರವಸೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕಿದೆ. ಯಾವ ಪದ್ಯಗಳನ್ನು ಎತ್ತಿಕೊಳ್ಳಲಿ?

ಉತ್ತರ: ಚೀಟಿಯ ವಿಚಾರ ಮೊದಲು ಮುಗಿಸೋಣ. ನಿಮಗೆ ಸಿಕ್ಕಿದ್ದು ಒಂದು ಸ್ಪ್ಯಾನಿಷ್ ಸಾನೆಟ್ಟಿನ ಸಾರ. ‘ನೋ ಮೆ ಮುವೆವೆ, ಮಿ ದಿಯೋಸ್’ ಎಂದು ಶುರುವಾಗುವ 14 ಸಾಲಿನ ಪದ್ಯ. ಅದು ಅಚ್ಚಾದದ್ದು 1628ರಲ್ಲಿ, ಮ್ಯಾಡ್ರಿಡ್‌ನಲ್ಲಿ. ಝೇವಿಯರ್ ಗೋವೆಯಲ್ಲಿ ಇಳಿದದ್ದು 1542ರ ಮೇ 6ಕ್ಕೆ. ತೀರಿಕೊಂಡದ್ದು 1552ರ ಡಿಸೆಂಬರ್ 3ಕ್ಕೆ, ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ಸಾವಿಗೂ ಅಚ್ಚಿಗೂ ನಡುವೆ 76 ವರ್ಷ. ಇದೇ ಸಾನೆಟ್ಟನ್ನು ಆವಿಲಾದ ತೆರೇಸಾ ಹೆಸರಿಗೆ, ಲೊಯೋಲಾದ ಇಗ್ನೇಷಿಯಸ್ ಹೆಸರಿಗೆ, ಮೆಕ್ಸಿಕೋದ ಮಿಗೆಲ್ ದೆ ಗೆವಾರಾ ಎಂಬ ಪಾದ್ರಿಯ ಹೆಸರಿಗೂ ಬರೆದವರಿದ್ದಾರೆ. ಯಾರ ಪರವಾಗಿಯೂ ದಾಖಲೆ ಗಟ್ಟಿ ನಿಲ್ಲುವುದಿಲ್ಲ. ಝೇವಿಯರ್ ಹೆಸರು ಹೊತ್ತು ತಿರುಗಿದ್ದು ಅದರ ಲ್ಯಾಟಿನ್ ರೂಪ. ಅದನ್ನೇ 19ನೇ ಶತಮಾನದಲ್ಲಿ ಜೆಸ್ವಿಟ್ (ಝೇವಿಯರ್ ಸೇರಿದ್ದ ಯೇಸುಸಭೆಯ) ಕವಿ ಹಾಪ್ಕಿನ್ಸ್ ಇಂಗ್ಲಿಷಿಗೆ ತಂದ. ಕೂಟದಲ್ಲಿ ‘ಹೆಸರು ತಿಳಿಯದ ಸ್ಪ್ಯಾನಿಷ್ ಕವಿ’ ಎನ್ನಿ, ಸಾಕು.

ಅಪ್ಪಟ ಗೋವೆಯದೇ ಬೇಕೆಂದರೆ ಥಾಮಸ್ ಸ್ಟೀಫನ್ಸ್ ಇದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ, 1579ರಲ್ಲಿ ಗೋವೆಗೆ ಬಂದು, ಕ್ರಿಸ್ತಪುರಾಣವನ್ನು ಓವಿ ಎಂಬ ಮರಾಠಿ ಪದ್ಯರೂಪದಲ್ಲಿ ಬರೆದು 1616ರಲ್ಲಿ ಅಚ್ಚು ಹಾಕಿಸಿದ ಜೆಸ್ವಿಟ್. ಮುಂಬಯಿ ಕನ್ನಡಿಗರಿಗೆ ಆ ಮರಾಠಿ ತೀರಾ ಕಷ್ಟವಾಗಲಿಕ್ಕಿಲ್ಲ. ಆದರೆ ಅದು ಸುಮಾರು 11,000 ಓವಿಗಳ ಕಥನಕಾವ್ಯ. ಅಲ್ಲಿಂದ ಎರಡು ಓವಿ ಹೆಕ್ಕಿ ರಾಬಿಯಾಳ ಮೂರು ವಾಕ್ಯಗಳ ಪಕ್ಕ ಇಟ್ಟರೆ ಇಬ್ಬರಿಗೂ ಅನ್ಯಾಯ. ಈ ಸಲಕ್ಕೆ ಬಿಡಿ.

ರಾಬಿಯಾ ತೀರಿಕೊಂಡದ್ದು ಕ್ರಿ.ಶ. 801ರಲ್ಲಿ ಎಂಬುದು ವಾಡಿಕೆಯ ಲೆಕ್ಕ. ಆಕೆ ಬರೆದ ಪುಸ್ತಕ ಎಂದು ಯಾವುದೂ ಉಳಿದಿಲ್ಲ. ಈ ಪ್ರಾರ್ಥನೆ ಮನೆಮಾತಾದದ್ದು ಫಾರ್ಸಿ ಕವಿ ಅತ್ತಾರರ ಸಂತಚರಿತ್ರೆಯಿಂದ, ಅಂದರೆ ಸುಮಾರು 400 ವರ್ಷಗಳ ನಂತರ. ಹಾಗಾಗಿ ‘ರಾಬಿಯಾ ಬರೆದ ಪದ್ಯ’ ಎನ್ನುವುದಕ್ಕಿಂತ ‘ರಾಬಿಯಾ ಹೇಳಿದ್ದೆಂದು ಅತ್ತಾರರು ದಾಖಲಿಸಿದ್ದು’ ಎನ್ನುವುದು ಸರಿ.

ಯಾರಿಂದ ಯಾರಿಗೆ ಎಂಬ ಪ್ರಶ್ನೆಗೆ ಒಂದು ರುಚಿಯಾದ ಸುಳಿವಿದೆ. ಫ್ರಾನ್ಸಿನ ದೊರೆ ಒಂಬತ್ತನೆಯ ಲೂಯಿಯ ಜೊತೆ ಕ್ರೂಸೇಡಿಗೆ ಹೋಗಿದ್ದ ಜ್ವಾನ್ವಿಲ್ ಎಂಬ ಸರದಾರ ಮುಪ್ಪಿನಲ್ಲಿ, 1309ರ ಹೊತ್ತಿಗೆ, ದೊರೆಯ ಚರಿತ್ರೆ ಬರೆದು ಮುಗಿಸಿದ. ಅದರಲ್ಲಿ ಅರಬ್ಬಿ ಬಲ್ಲ ಈವ್ ಎಂಬ ಡೊಮಿನಿಕನ್ ಸನ್ಯಾಸಿಗೆ ಡಮಾಸ್ಕಸ್ಸಿನ ಬೀದಿಯಲ್ಲಿ ಒಬ್ಬ ಮುದುಕಿ ಎದುರಾಗುತ್ತಾಳೆ. ಬಲಗೈಯಲ್ಲಿ ಬೆಂಕಿಯ ಬಟ್ಟಲು, ಎಡಗೈಯಲ್ಲಿ ನೀರಿನ ಕುಪ್ಪಿ. ಬೆಂಕಿಯಿಂದ ಸ್ವರ್ಗ ಸುಡುತ್ತೇನೆ, ನೀರಿನಿಂದ ನರಕ ಆರಿಸುತ್ತೇನೆ, ಆಮೇಲೆ ಯಾರೂ ಅವೆರಡರ ಮುಖ ನೋಡಿ ಒಳ್ಳೆಯದು ಮಾಡಬಾರದು ಎನ್ನುತ್ತಾಳೆ. ಜ್ವಾನ್ವಿಲ್ ಆಕೆಯ ಹೆಸರು ಹೇಳುವುದಿಲ್ಲ. ಸೂಫಿ ಪರಂಪರೆಯಲ್ಲಿ ಇದೇ ಕಥೆ ರಾಬಿಯಾಳದ್ದು. ಅಂದಮೇಲೆ ಮಾತು 14ನೇ ಶತಮಾನದ ಆರಂಭಕ್ಕೇ ಯುರೋಪ್ ಮುಟ್ಟಿತ್ತು. ಆದರೆ ಅಲ್ಲಿಂದ ಸ್ಪೇನಿನ ಸಾನೆಟ್ಟಿಗೆ ತಲುಪಿಸುವ ಕೊಂಡಿ ಇಲ್ಲ. ಇದ್ದೀತು ಎಂದು ಊಹಿಸಿ ಭಾಷಣ ಕಟ್ಟಬೇಡಿ, ಯಾರಾದರೊಬ್ಬರು ಎದ್ದು ನಿಂತು ಕೇಳಿಯೇ ಕೇಳುತ್ತಾರೆ.

ಕೊಂಡಿಯ ಅಗತ್ಯವೂ ಅಷ್ಟಿಲ್ಲ, ಏಕೆಂದರೆ ಇದೇ ಗಂಟು ಎರಡೂ ಮನೆಗಳಲ್ಲಿ ಬೇರೆಬೇರೆಯಾಗಿ ಬಿದ್ದಿತ್ತು. ಬೈಬಲ್ಲಿನ ಒಂದು ವಾಕ್ಯ ಪೂರ್ಣ ಪ್ರೀತಿ ಭಯವನ್ನು ಹೊರಗಟ್ಟುತ್ತದೆ ಎನ್ನುತ್ತದೆ, ಕೀರ್ತನೆಯ ಇನ್ನೊಂದು ವಾಕ್ಯ ದೇವರ ಭಯ ಶುದ್ಧ, ಅದು ಸದಾಕಾಲ ನಿಲ್ಲುತ್ತದೆ ಎನ್ನುತ್ತದೆ. ಹೊರಗೆ ಹೋಗುವುದೋ, ನಿಲ್ಲುವುದೋ? ಸಂತ ಅಗಸ್ಟೀನ್ (354–430) ಬಿಡಿಸಿದ್ದು ಇಬ್ಬರು ಹೆಂಡಿರ ಹೋಲಿಕೆಯಿಂದ. ಇಬ್ಬರಿಗೂ ಗಂಡನ ಭಯ ಇದೆ. ಕಳ್ಳಸಂಬಂಧ ಇಟ್ಟುಕೊಂಡವಳಿಗೆ ಅವನು ಬಂದುಬಿಟ್ಟಾನು ಎಂಬ ಭಯ, ಪತಿವ್ರತೆಗೆ ಅವನು ಹೊರಟುಹೋದಾನು ಎಂಬ ಭಯ. ಪ್ರೀತಿ ಹೊರಗಟ್ಟುವುದು ಮೊದಲನೆಯದನ್ನು. ಎರಡನೆಯದು ಪ್ರೀತಿ ಬೆಳೆದಷ್ಟೂ ಬೆಳೆಯುತ್ತದೆ. ‘ಶರಣಸತಿ ಲಿಂಗಪತಿ’ ಎಂಬ ಮಾತು ಕೇಳಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅತ್ತ ಈಜಿಪ್ಟಿನಲ್ಲಿ 9ನೇ ಶತಮಾನದ ಸೂಫಿ ಜುನ್ನೂನ್ ಹೇಳಿದ್ದು ಇದು: ಅಗಲಿಕೆಯ ಭಯದ ಮುಂದೆ ನರಕದ ಭಯ ಆಳ ಸಮುದ್ರಕ್ಕೆ ಬಿದ್ದ ಒಂದು ಹನಿ. ಇವರು ಅವರನ್ನು ಓದಿರಬೇಕು ಎಂದೇನಿಲ್ಲ.

ಈಗ ಎರಡು ಪಠ್ಯಗಳನ್ನು ಹತ್ತಿರದಿಂದ ನೋಡಿ. ನಿಮ್ಮ ಇಪ್ಪತ್ತು ನಿಮಿಷದಲ್ಲಿ ಅರ್ಧ ಇಲ್ಲಿಗೇ ಹೋದರೂ ನಷ್ಟವಿಲ್ಲ.

ರಾಬಿಯಾಳದ್ದು ಮೂರು ಅಂಕಣ. ನರಕದ ಭಯದಿಂದ ನಿನ್ನನ್ನು ಆರಾಧಿಸಿದರೆ ನರಕದಲ್ಲಿ ನನ್ನನ್ನು ಸುಡು. ಸ್ವರ್ಗದಾಸೆಯಿಂದ ಆರಾಧಿಸಿದರೆ ಸ್ವರ್ಗದಿಂದ ನನ್ನನ್ನು ಹೊರಗಿಡು. ನಿನಗಾಗಿಯೇ ಆರಾಧಿಸಿದರೆ ನಿನ್ನ ಶಾಶ್ವತ ಸೌಂದರ್ಯವನ್ನು ನನ್ನಿಂದ ಮರೆಮಾಡಬೇಡ. ವ್ಯಾಕರಣ ಗಮನಿಸಿ: ಇದು ಆಣೆ ಹಾಕುವ ಧಾಟಿ. ‘ನಾನು ಸುಳ್ಳಾಡಿದರೆ ನನ್ನ ನಾಲಗೆ ಬಿದ್ದುಹೋಗಲಿ’ ಎನ್ನುತ್ತೇವಲ್ಲ, ಹಾಗೆ. ನರಕ ನರಕವಾಗಿಯೇ ಇದೆ, ಸ್ವರ್ಗ ಸ್ವರ್ಗವಾಗಿಯೇ ಇದೆ. ಆಕೆ ತನ್ನ ಎದೆಯನ್ನು ಒರೆಗೆ ಹಚ್ಚುತ್ತಿದ್ದಾಳೆ. ಮೂರನೆಯ ಅಂಕಣವನ್ನು ಜನ ಬೇಗ ಓದಿ ಮುಗಿಸುತ್ತಾರೆ. ‘ಮರೆಮಾಡಬೇಡ’ ಎಂಬುದರಲ್ಲೇ ಮರೆಮಾಡಿಯಾನೇನೋ ಎಂಬ ಅಳುಕಿದೆ, ಮಾಡಲಾರ ಎಂಬ ಭರವಸೆಯೂ ಇದೆ. ಭಯವನ್ನೂ ಭರವಸೆಯನ್ನೂ ಎಸೆದುಬಿಟ್ಟಳು ಎಂದು ಹೊಗಳುವವರು ಈ ವಾಕ್ಯವನ್ನು ಓದಿಯೇ ಇಲ್ಲ.

ಸಾನೆಟ್ಟಿನ ನಡಿಗೆ ಬೇರೆ. ಮೊದಲ ನಾಲ್ಕು ಸಾಲು ನಿಮ್ಮ ಚೀಟಿಯಲ್ಲಿದ್ದದ್ದೇ: ನೀನು ಮಾತು ಕೊಟ್ಟ ಸ್ವರ್ಗ ನನ್ನನ್ನು ಕದಲಿಸುವುದಿಲ್ಲ, ಅಷ್ಟು ಹೆದರುವ ನರಕವೂ ಕದಲಿಸುವುದಿಲ್ಲ. ಐದನೆಯ ಸಾಲಿನಲ್ಲಿ ದಾರಿ ಕವಲೊಡೆಯುತ್ತದೆ. ಕದಲಿಸುವುದು ನೀನು, ಶಿಲುಬೆಗೆ ಮೊಳೆ ಹೊಡೆಸಿಕೊಂಡು ಅವಮಾನ ಉಂಡ ನಿನ್ನನ್ನು ನೋಡುವುದು, ಇಷ್ಟೊಂದು ಗಾಯವಾದ ನಿನ್ನ ಮೈ ನೋಡುವುದು. ರಾಬಿಯಾ ಬೇಡುವುದು ಮರೆ ಸರಿದಾಗ ಕಾಣುವ ಸೌಂದರ್ಯ, ಅಂದರೆ ಇನ್ನೂ ಕಾಣದ್ದು. ಸ್ಪ್ಯಾನಿಷ್ ಕವಿಯನ್ನು ಅಲುಗಿಸಿದ್ದು ಆಗಲೇ ಕಣ್ಣೆದುರಿಗಿರುವ ಗಾಯದ ಮೈ. ಕ್ರೈಸ್ತ ಕಾವ್ಯದಲ್ಲಿ ಭರವಸೆಗೆ ಒಂದು ದೇಹ ಇದೆ, ಒಂದು ತಾರೀಖಿದೆ. ಅದನ್ನು ಕಳೆದು ಓದಿದರೆ ಮಾತ್ರ ಈ ಎರಡು ಪ್ರಾರ್ಥನೆಗಳು ಒಂದಾಗುತ್ತವೆ.

ಹನ್ನೊಂದನೆಯ ಸಾಲು ಇನ್ನೂ ವಿಚಿತ್ರ. ಸ್ವರ್ಗ ಇಲ್ಲದಿದ್ದರೂ ನಿನ್ನನ್ನು ಪ್ರೀತಿಸುತ್ತಿದ್ದೆ ಎಂದ ಕವಿ, ನರಕ ಇಲ್ಲದಿದ್ದರೂ ನಿನಗೆ ಅಂಜುತ್ತಿದ್ದೆ ಎನ್ನುತ್ತಾನೆ. ಅಂಜುತ್ತಿರಲಿಲ್ಲ ಎಂದಲ್ಲ! ಶಿಕ್ಷೆಯ ಜಾಗವನ್ನೇ ಅಳಿಸಿದ ಮೇಲೂ ಅಂಜಿಕೆ ನಿಂತಿದೆ. ಅಗಸ್ಟೀನರ ಎರಡನೆಯ ಹೆಂಡತಿ ಇವಳೇ. ಚೀಟಿ, ಕ್ಯಾಲೆಂಡರ್, ವಾಟ್ಸಾಪ್ ಸಂದೇಶಗಳಲ್ಲಿ ಉಳಿಯುವುದು ಮೊದಲ ನಾಲ್ಕು ಸಾಲು. ಹಾಗಾಗಿಯೇ ಎರಡೂ ಒಂದೇ ಅನಿಸುವುದು.

ಇಲ್ಲಿಂದ ಮುಂದೆ ಸೂಫಿಗಳ ಕಡೆಯಿಂದ ಒಂದು ಗದ್ಯಗ್ರಂಥ ಬೇಕಾಗುತ್ತದೆ, ಏಕೆಂದರೆ ಭಯ-ಭರವಸೆಗಳನ್ನು ವೈದ್ಯರಂತೆ ತೂಗಿ ಅಳೆದವರು ಅವರು. ಪದಗಳಿಂದಲೇ ಶುರುಮಾಡಿ. ಭಯಕ್ಕೆ ಖೌಫ್, ಭರವಸೆಗೆ ರಜಾ. ರಜಾ ಎಂದ ಕೂಡಲೇ ಸಭೆಯಲ್ಲಿ ನಗು ಏಳುತ್ತದೆ. ಆಫೀಸಿನ ರಜೆ ಅದಲ್ಲ ಎಂದು ಹೇಳಿಬಿಡಿ. ನಾವೂ ಮರಾಠಿಯವರೂ ಆಡುವ ರಜಾ ಬಂದದ್ದು ‘ಒಪ್ಪಿಗೆ’ ಎಂಬರ್ಥದ ಬೇರೊಂದು ಅರಬ್ಬಿ ಪದದಿಂದ. ಆ ಒಪ್ಪಿಗೆಯೂ (ದೇವರು ಕೊಟ್ಟದ್ದಕ್ಕೆಲ್ಲ ಮನಸ್ಸು ಹೂಂಗುಟ್ಟುವುದು) ಸೂಫಿ ದಾರಿಯ ಇನ್ನೊಂದು ನಿಲ್ದಾಣವೇ, ಅದು ಬೇರೆ ಮಾತು.

ಸೂಫಿ ಚಿಂತಕ ಗಜಾಲಿ (1058–1111) ಅವರ ‘ಇಹ್ಯಾ’ 40 ಭಾಗಗಳ ಗ್ರಂಥ. 33ನೆಯದು ಭಯ-ಭರವಸೆಗೆ ಮೀಸಲು. ಅದರಲ್ಲಿ ಬರುವ ಬೇಸಾಯದ ಹೋಲಿಕೆ ನಮ್ಮವರಿಗೆ ನೇರ ತಲುಪುತ್ತದೆ. ಹೃದಯ ಹೊಲ, ನಂಬಿಕೆ ಬೀಜ, ಸಾಧನೆ ಎಂದರೆ ಉಳುಮೆ ಮತ್ತು ನೀರು. ಒಳ್ಳೆಯ ನೆಲ ಹುಡುಕಿ, ಮುಗ್ಗದ ಬೀಜ ಬಿತ್ತಿ, ಹೊತ್ತಿಗೆ ನೀರು ಹಾಯಿಸಿ, ಕಳೆ ಕಿತ್ತು, ಇನ್ನು ಸಿಡಿಲು ಬಡಿಯದಿರಲಿ, ರೋಗ ಬೀಳದಿರಲಿ ಎಂದು ಕಾದು ಕೂತವನದು ಭರವಸೆ, ರಜಾ. ನೀರು ಹತ್ತದ ಚೌಳು ದಿಣ್ಣೆಯಲ್ಲಿ ಬೀಜ ಎರಚಿ, ಕೈಯಾಡಿಸದೆ ಸುಗ್ಗಿ ಕಾಯುವವನದು ಗುರೂರ್. ಹಿಂದಿ ಸಿನಿಮಾದಲ್ಲಿ ಗುರೂರ್ ಎಂದರೆ ಸೊಕ್ಕು. ಇಲ್ಲಿ ತನಗೆ ತಾನೇ ಮೋಸ ಹೋಗುವುದು. ಇವೆರಡರ ನಡುವೆ ಮೂರನೆಯವನೊಬ್ಬ: ನೆಲ ಒಳ್ಳೆಯದೇ, ಬೀಜ ಬಿತ್ತಿದ್ದಾನೆ, ನೀರಿನ ಏರ್ಪಾಡು ಮಾತ್ರ ಇಲ್ಲ, ಮಳೆ ವಾಡಿಕೆಯಿಲ್ಲದ ಸೀಮೆಯಲ್ಲಿ ಮಳೆಗೆ ಬಾಯಿಬಿಟ್ಟು ಕೂತಿದ್ದಾನೆ. ಅದು ಬರೀ ಹಾರೈಕೆ, ಉರ್ದುವಿನ ತಮನ್ನಾಗೆ ಹತ್ತಿರದ ಪದ. ಎಲ್ಲ ಕೆಲಸ ಮುಗಿದ ಮೇಲೆ ನಮ್ಮ ಕೈಮೀರಿದ ಭಾಗಕ್ಕೆ ಮಾತ್ರ ಭರವಸೆ ಎಂಬ ಹೆಸರು ಸಲ್ಲುತ್ತದೆ ಎಂಬುದು ಇಲ್ಲಿನ ಬಿಗಿ.

ಭಯ ಅವರಿಗೆ ಚಾವಟಿ. ಮೆಲ್ಲಗೆ ತಾಗಿಸಿದರೆ ಕುದುರೆ ನಡೆಯುವುದಿಲ್ಲ, ಮಿತಿಮೀರಿ ಹೊಡೆದರೆ ಕುದುರೆ ಸಾಯುತ್ತದೆ. ಭಯದಲ್ಲಿ ಕಡಿಮೆ ಬೀಳುವುದೂ ಇದೆ, ಹೆಚ್ಚಾಗುವುದೂ ಇದೆ. ಹೆಚ್ಚಾದರೆ ಹತಾಶೆ ಬಂದು ಕೈಕೆಲಸವೇ ನಿಂತುಹೋಗುತ್ತದೆ. ಭಯ ಮೇಲೋ ಭರವಸೆ ಮೇಲೋ ಎಂದು ಕೇಳಿದವರಿಗೆ ಗಜಾಲಿ ಕೊಡುವ ಉತ್ತರ, ರೊಟ್ಟಿ ಮೇಲೋ ನೀರು ಮೇಲೋ ಎಂದು ಕೇಳಿದಂತಾಯಿತು ಎಂದು. ಹಸಿದವನಿಗೆ ರೊಟ್ಟಿ, ಬಾಯಾರಿದವನಿಗೆ ನೀರು. ತಾನು ಸುರಕ್ಷಿತ ಎಂದು ಮೈಮರೆತವನಿಗೆ ಭಯದ ಮದ್ದು. ಭರವಸೆಯ ಮದ್ದು ಇಬ್ಬರಿಗೆ ಮಾತ್ರ: ಹತಾಶೆಯಿಂದ ಆರಾಧನೆ ಬಿಟ್ಟವನಿಗೆ, ಮತ್ತು ಭಯ ಹೆಚ್ಚಾಗಿ ತನ್ನನ್ನೂ ಮನೆಯವರನ್ನೂ ಗೋಳು ಹೊಯ್ದುಕೊಳ್ಳುವವನಿಗೆ. ಆರೋಗ್ಯವಾಗಿರುವ ತನಕ ಭಯ ಒಂದು ತೂಕ ಹೆಚ್ಚಿರಲಿ, ಸಾವು ಹತ್ತಿರವಾದಾಗ ಭರವಸೆ. ಸಾಯುವವನಿಗೆ ಚಾವಟಿ ಬೀಸಿ ನಡೆಸುವುದೆಲ್ಲಿಗೆ?

ಇಷ್ಟು ಕೈಯಲ್ಲಿದ್ದರೆ ಇಂಗ್ಲಿಷಿನ ಕವಿ ಜಾನ್ ಡನ್ (1572–1631) ತಾನಾಗಿ ತೆರೆದುಕೊಳ್ಳುತ್ತಾನೆ. ದೇವರ ಮೇಲಿನ ತನ್ನ ಭಕ್ತಿ ಚಳಿಜ್ವರದ ಹಾಗೆ ಬಂದು ಹೋಗುತ್ತದೆ ಎಂದು ಒಂದು ಸಾನೆಟ್ಟಿನಲ್ಲಿ ಹೇಳಿ, ಒಂದೇ ವ್ಯತ್ಯಾಸ ಎನ್ನುತ್ತಾನೆ: ಜ್ವರದಲ್ಲಿ ನಡುಗುವ ದಿನ ಕೆಟ್ಟ ದಿನ, ಇಲ್ಲಿ ಭಯದಿಂದ ನಡುಗುವ ದಿನವೇ ನನ್ನ ಒಳ್ಳೆಯ ದಿನ. ಗಜಾಲಿ ಓದಿದವರಿಗೆ ಇದು ಆರೋಗ್ಯವಂತನ ಮದ್ದು. ‘ತಂದೆ ದೇವರಿಗೆ’ ಬರೆದ 18 ಸಾಲಿನ ಕೀರ್ತನೆಯಲ್ಲಿ ಇದೇ ಡನ್ ತಲೆಕೆಳಗಾಗುತ್ತಾನೆ. ಮಾಡಿದ ಪಾಪಗಳನ್ನೆಲ್ಲ ಒಂದೊಂದಾಗಿ ಎಣಿಸಿ, ಕೊನೆಗೆ ಇನ್ನೊಂದು ಪಾಪ ಉಳಿದಿದೆ, ಅದು ಭಯ ಎನ್ನುತ್ತಾನೆ. ಬದುಕಿನ ಕೊನೆಯ ಎಳೆ ನೂತು ಮುಗಿದಾಗ ದಡದಲ್ಲೇ ನಾಶವಾಗಿಬಿಡುವೆನೇನೋ ಎಂಬ ಭಯ. ಒಂದು ಕಡೆ ಒಳ್ಳೆಯ ದಿನವಾಗಿದ್ದ ಭಯ ಇನ್ನೊಂದು ಕಡೆ ಪಾಪ. ವಿರೋಧಾಭಾಸ ಎಂದು ಬದಿಗಿಡಬೇಡಿ, ಸಾವಿನ ದಡದಲ್ಲಿ ಮದ್ದು ಬದಲಾಗಿದೆ. ಹಾಗಿದ್ದೂ ಒಂದು ವ್ಯತ್ಯಾಸ ಉಳಿಯುತ್ತದೆ. ಡನ್ ಭರವಸೆಯನ್ನು ಮದ್ದಿನಂತೆ ಕುಡಿಯುವುದಿಲ್ಲ. ನಿನ್ನ ಮೇಲೇ ಆಣೆ ಮಾಡು, ನಾನು ಸಾಯುವಾಗ ನಿನ್ನ ಮಗ ಈಗ ಹೊಳೆಯುವಂತೆಯೇ ಹೊಳೆಯುವನೆಂದು, ಎಂದು ದೇವರಿಂದಲೇ ಆಣೆ ಕೇಳುತ್ತಾನೆ. ರಾಬಿಯಾ ತನ್ನ ಮೇಲೆ ಆಣೆ ಹಾಕಿಕೊಂಡಳು, ಡನ್ ದೇವರ ಕೈಯಲ್ಲಿ ಹಾಕಿಸುತ್ತಾನೆ. ವಕೀಲಿ ಓದಿದ್ದವನಲ್ಲವೇ!

ಇನ್ನೊಬ್ಬ ಇಂಗ್ಲಿಷ್ ಕವಿ ಜಾರ್ಜ್ ಹರ್ಬರ್ಟ್‌ನನ್ನು (1593–1633) ಸೇರಿಸುವುದಾದರೆ ಎಚ್ಚರ. ಬಹಳ ಜನ ಎಡವುವುದು ಅಲ್ಲಿ. ಅವನ ‘ಟೆಂಪರ್’ ಎಂಬ ಪದ್ಯದಲ್ಲಿ ದೇವರು ಒಮ್ಮೆ ಆಕಾಶದ ಉದ್ದಕ್ಕೆ ಎಳೆಯುತ್ತಾನೆ, ಒಮ್ಮೆ ನೆಲಕ್ಕೆ ಕುಗ್ಗಿಸುತ್ತಾನೆ. ಕೊನೆಗೆ ಹರ್ಬರ್ಟ್, ಎಳೆ ಇಲ್ಲವೇ ಕುಗ್ಗಿಸು, ಇದೆಲ್ಲ ನನ್ನ ಎದೆಯ ಶ್ರುತಿ ಕೂಡಿಸುವುದು ತಾನೇ ಎನ್ನುತ್ತಾನೆ. ಶರೀಫರ ತಂಬೂರಿ ಕೇಳಿದವರಿಗೆ ಮೈ ಜುಂ ಎನ್ನಬೇಕು. ಆದರೆ ಇದನ್ನು ಖೌಫ್-ರಜಾ ಜೊತೆ ಕಟ್ಟಬೇಡಿ. ಸೂಫಿಗಳಲ್ಲಿ ಇದಕ್ಕೆ ಬೇರೆಯೇ ಜೋಡಿ ಇದೆ: ಕಬ್ಜ್ ಮತ್ತು ಬಸ್ತ್, ಕುಗ್ಗುವಿಕೆ ಮತ್ತು ಹರಡುವಿಕೆ. ಮುಂಬಯಿಯಲ್ಲಿ ಜಾಗ ‘ಕಬ್ಜಾ’ ಮಾಡುವುದು ಎನ್ನುತ್ತೇವಲ್ಲ, ಅದೇ ಧಾತು: ಮುಷ್ಟಿಯಲ್ಲಿ ಹಿಡಿಯುವುದು. 11ನೇ ಶತಮಾನದ ಕುಶೈರಿ ಇವನ್ನು ಬೇರ್ಪಡಿಸುವುದು ಕಾಲದಿಂದ. ಭಯ-ಭರವಸೆಗಳ ಕಣ್ಣು ಮುಂದೆ ಬರಲಿರುವುದರ ಮೇಲೆ. ಕುಗ್ಗುವಿಕೆ, ಹರಡುವಿಕೆ ಈ ಗಳಿಗೆಯವು. ಬಾಗ್ದಾದಿನ ಜುನೈದ್ ಎರಡನ್ನೂ ಬೆಸೆದು, ಭಯ ನನ್ನನ್ನು ಕುಗ್ಗಿಸುತ್ತದೆ, ಭರವಸೆ ನನ್ನನ್ನು ಹರಡುತ್ತದೆ ಎಂದದ್ದೂ ಉಂಟು. ಪದ್ಯದಲ್ಲಿ ‘ನಾಳೆ’ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಖೌಫ್-ರಜಾ. ಬರೀ ‘ಈಗ’ ಇದ್ದರೆ ಕಬ್ಜ್-ಬಸ್ತ್. ಡನ್ನನ ಕೀರ್ತನೆ ಮೊದಲ ಡಬ್ಬಕ್ಕೆ, ಹರ್ಬರ್ಟ್‌ನ ಶ್ರುತಿ ಎರಡನೆಯದಕ್ಕೆ.

ಇನ್ನೊಂದು ಹಳ್ಳ ಇದೆ. ಕ್ರೈಸ್ತರದು ಪ್ರೀತಿಯ ಧರ್ಮ, ಇಸ್ಲಾಮಿನದು ಭಯದ ಧರ್ಮ ಎಂಬ ಹಳೆಯ ಸವಕಲು ನಾಣ್ಯ. ಇಲ್ಲವೇ ಅದನ್ನೇ ತಿರುಗಿಸಿ, ಚರ್ಚು ನರಕ ತೋರಿಸಿ ಹೆದರಿಸಿತು, ಸೂಫಿಗಳು ಪ್ರೇಮದಲ್ಲಿ ತೇಲಿದರು ಎಂಬ ಇತ್ತೀಚಿನ ಫ್ಯಾಷನ್ನು. ಎರಡಕ್ಕೂ ಪಠ್ಯಗಳ ಬೆಂಬಲ ಇಲ್ಲ. ಮಧ್ಯಯುಗದ ಲ್ಯಾಟಿನ್ ‘ದಿಯೆಸ್ ಇರೆ’, ತೀರ್ಪಿನ ದಿನದ ಅತಿ ಘೋರ ಪದ್ಯ, ಒಂದೇ ಚರಣದಲ್ಲಿ ದೇವರನ್ನು ನಡುಕ ಹುಟ್ಟಿಸುವ ದೊರೆ ಎಂದು ಕರೆದು ಅದೇ ಉಸಿರಿಗೆ ಕರುಣೆಯ ಚಿಲುಮೆ ಎನ್ನುತ್ತದೆ. ರೂಮಿ, ಹೆದರಿದ ವಿರಾಗಿ ಕಾಲ್ನಡಿಗೆಯಲ್ಲಿ ಓಡುತ್ತಾನೆ, ಪ್ರೇಮಿಗಳು ಮಿಂಚಿಗಿಂತ ವೇಗವಾಗಿ ಹಾರುತ್ತಾರೆ ಎಂದದ್ದು ನಿಜ. ಆದರೆ ಭಯ-ಭರವಸೆಗಳನ್ನು ಹಕ್ಕಿಯ ಎರಡು ರೆಕ್ಕೆ ಎಂದು, ಒಂದು ಸೋತರೆ ಹಾರಾಟ ಸೋಲುತ್ತದೆ ಎಂದು ಹೇಳಿದವರೂ ಸೂಫಿಗಳೇ. ‘ಭಯಭಕ್ತಿ’ ಎಂದು ಒಂದೇ ಪದವಾಗಿ ಆಡುವ ನಮಗೆ ಇದರಲ್ಲಿ ಆಶ್ಚರ್ಯ ಕಡಿಮೆ.

ಸಮಯದ ಹಂಚಿಕೆ ಹೀಗಿರಲಿ: ಚೀಟಿ ಮತ್ತು ಡಮಾಸ್ಕಸ್ಸಿನ ಮುದುಕಿಗೆ ನಾಲ್ಕು ನಿಮಿಷ, ರಾಬಿಯಾ-ಸಾನೆಟ್ ಎದುರುಬದುರು ಎಂಟು, ಗಜಾಲಿಯ ಹೊಲಕ್ಕೆ ನಾಲ್ಕು, ಡನ್ನನ ಕೀರ್ತನೆಗೆ ನಾಲ್ಕು. ಹರ್ಬರ್ಟ್ ಪ್ರಶ್ನೋತ್ತರಕ್ಕೆ ಉಳಿಯಲಿ. ಪಠ್ಯಗಳನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಿ. ಸಾಲು ಎದುರಿಗಿಲ್ಲದೆ ಹನ್ನೊಂದನೆಯ ಸಾಲಿನ ಮಾತು ಯಾರಿಗೂ ನಾಟುವುದಿಲ್ಲ.

ಕನ್ನಡಿಸುವಾಗ ಭರವಸೆಗೆ ‘ಆಸೆ’ ಬಳಸಬೇಡಿ, ಅದು ತಮನ್ನಾ ಆಗಿಬಿಡುತ್ತದೆ. ಕನ್ನಡ ಬೈಬಲ್ಲಿನ ‘ನಿರೀಕ್ಷೆ’ ಸರಿ, ಆದರೆ ಹೊರಗಿನವರ ಕಿವಿಗೆ ಅದು ಬಸ್ ಕಾಯುವ ಹಾಗೆ ಕೇಳುತ್ತದೆ, ‘ಭರವಸೆ’ ಇಟ್ಟುಕೊಳ್ಳಿ. ಶಿಕ್ಷೆಯ ಭಯಕ್ಕೆ ‘ಹೆದರಿಕೆ’, ಅಗಲಿಕೆಯ ಭಯಕ್ಕೆ ‘ಅಂಜಿಕೆ’ ಅಥವಾ ‘ಅಳುಕು’ ಎಂದು ಕೊನೆತನಕ ಬೇರೆಬೇರೆ ಪದ ಹಿಡಿದರೆ ಅರ್ಧ ವಿವರಣೆ ಉಳಿಯುತ್ತದೆ. ಹನ್ನೊಂದನೆಯ ಸಾಲಿಗೆ ಮೇಲೆ ನಾನೂ ‘ಅಂಜುತ್ತಿದ್ದೆ’ ಎಂದೇ ಬರೆದಿದ್ದೇನೆ. ಓದುವಾಗ ಅದು ನಡೆಯುತ್ತದೆ, ಕೇಳುವಾಗ ಕೈಕೊಡುತ್ತದೆ. ಕನ್ನಡದಲ್ಲಿ ಆ ರೂಪ ‘ಹಿಂದೆ ಅಂಜುತ್ತಿದ್ದೆ, ಈಗಿಲ್ಲ’ ಎಂದೂ ಕೇಳಿಸುತ್ತದೆ, ಆಗ ಪದ್ಯ ತಲೆಕೆಳಗಾಗುತ್ತದೆ. ಗಟ್ಟಿಯಾಗಿ ಓದಲು ಹೀಗೆ ಮಾಡಿಕೊಳ್ಳಿ:

ಸ್ವರ್ಗವೇ ಇರದೆ ಹೋದರೂ ಒಲಿಯದೆ ಬಿಡುತ್ತಿರಲಿಲ್ಲ,
ನರಕವೇ ಇರದೆ ಹೋದರೂ ಅಂಜದೆ ಇರುತ್ತಿರಲಿಲ್ಲ.